ಇನಿಷಿಯಲ್ಲು

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ದಿನ
ನಿನ್ನ ಮಣಿಕಟ್ಟಿನ ಪಟ್ಟಿಯ ಮೇಲೆ
ನೀಲಿ ಪೆನ್ನಿನಲ್ಲಿ ಇದ್ದದ್ದು ಇಷ್ಟೇ:
ಬೇಬಿ ಆಫ್ ಗಂಗರತ್ನ.
ಯಾರೂ ತಕರಾರು ತೆಗೆಯಲಿಲ್ಲ.
ಹೆಣ್ಣು, ಎರಡು ಮುಕ್ಕಾಲು ಕೆಜಿ,
ಗಂಗರತ್ನಳದು.

ಹೆಸರು ಒಂದೇ ರಾತ್ರಿಗೆ ಸಿಕ್ಕಿತು, ಲಿಖಿತಾ.
ಅದರ ಮುಂದಿನ ಚುಕ್ಕೆಗೆ
ಹದಿನೆಂಟು ದಿನ ಹಿಡಿಯಿತು.

ನಮ್ಮ ಕಡೆ ಹೆಸರಿಗೆ ಬಾಲವಿಲ್ಲ, ಕೊಂಬು.
ನನಗೆ ಎರಡು: ಬಿ. ಎಂ.
ಬಶೆಟ್ಟಹಳ್ಳಿ, ಮುನಿಶಾಮಿ.
ಊರು ಈಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತದೆ,
ಅಪ್ಪ ಫೋನ್ ಎತ್ತುವುದಿಲ್ಲ,
ಆದರೂ ಆಧಾರ್ ಕಾರ್ಡಿನಲ್ಲಿ ಇಬ್ಬರೂ
ನನಗಿಂತ ಮುಂದೆ ನಿಂತಿದ್ದಾರೆ.

ಅರುಳ್‌ಗೆ ಒಂದೇ, ಎಸ್.
ಸವರಿಮುತ್ತು. ಮಾರಿಕುಪ್ಪಂನ ಲೈನು ಮನೆಯ ಮುಂದೆ
ಮೂರು ವರ್ಷದ ಮಗನನ್ನು ಕಲ್ಲಿನ ಮೇಲೆ ಕೂರಿಸಿ
ಬೀಡಿ ತರುತ್ತೇನೆಂದು ಹೋದವನು.
"ಮುಖ ನೆನಪಿಲ್ಲ. ಆದರೆ
ಒಂದೊಂದು ಮೋಟರ್ ರಿಪೇರಿ ರಸೀದಿಯಲ್ಲೂ
ಅವನನ್ನು ಬರೆದೇ
ನನ್ನನ್ನು ಬರೆದುಕೊಳ್ಳುತ್ತೇನೆ."

ಚರ್ಚೋ ಛತ್ರವೋ ಎಂಬ ಮಾತು
ಎರಡು ವರ್ಷ ಎಳೆಯಿತು.
ಒಂದು ರಾತ್ರಿ ಅನ್ನಕ್ಕಿಟ್ಟದ್ದು ಸೀದುಹೋಗುವಷ್ಟು ಜಗಳವಾಡಿ
ನಾವೇ ನಕ್ಕುಬಿಟ್ಟೆವು, ಎರಡೂ ಬೇಡ.
ಆಮೇಲೆ ನೀನು.

ಅಜ್ಜಿ ಬಂದಳು ಚಿಂತಾಮಣಿಯಿಂದ, ಮನೆಯವರಿಗೆ ಹೇಳದೆ,
ಸೆರಗಿನ ಗಂಟಿನಲ್ಲಿ ಬಜೆ, ಒಣಶುಂಠಿ.
"ಇಂಟಿಪೇರು ಏಮೇ?" ಅಂದಳು.
ಮನೆ ಹೆಸರಾ ಅಜ್ಜಿ? ಬಾಗಿಲ ಮೇಲಿದೆ ನೋಡು,
ಅಮೀನಾ ಮಂಜಿಲ್. ತಿಂಗಳಿಗೆ ನಾಲ್ಕು ಸಾವಿರ.
ಅಜ್ಜಿ ನಗಲಿಲ್ಲ. ನಿನ್ನ ಅಂಗಾಲಿಗೆ ಎಣ್ಣೆ ತಿಕ್ಕುತ್ತಾ
ತನ್ನ ಎಡಗೈ ಹೆಬ್ಬೆರಳು ತೋರಿಸಿದಳು.
ಎಂಬತ್ತು ವರ್ಷ ಅದನ್ನೇ ಒತ್ತಿದ್ದಾಳೆ.
ಹೆಬ್ಬೆಟ್ಟನ್ನು ಯಾರೂ ಕೇಳುವುದಿಲ್ಲ ಇನಿಷಿಯಲ್ಲು.

ರೀಲಿಂಗ್ ಶೆಡ್ಡಿನಲ್ಲಿ ಗೂಡು ಆರಿಸುವಾಗ
ಜೋಡಿಗೂಡನ್ನು ಬೇರೆ ಬುಟ್ಟಿಗೆ ಹಾಕುತ್ತೇವೆ.
ಎರಡು ಹುಳ ಸೇರಿ ಕಟ್ಟಿದ ಒಂದು ಗೂಡು.
ಯಾವ ಎಳೆ ಯಾರದೆಂದು ಬಿಡಿಸಲು ಬರುವುದಿಲ್ಲ,
ನೂಲು ಗಂಟುಗಂಟು, ರೇಟು ಅರ್ಧ.
ಬಿಸಿನೀರಿಗೆ ಬೆರಳು ಬಿಳಿಚಿಕೊಂಡ ದಿನಗಳಲ್ಲಿ
ನಾನೂ ಬೈದು ಬೈದು ಎಸೆದಿದ್ದೇನೆ.
ಬಾಣಂತಿ ಮಂಚದಲ್ಲಿ ಮಲಗಿ
ಅದೊಂದೇ ಬುಟ್ಟಿ ಕಣ್ಣಿಗೆ ಬರುತ್ತಿತ್ತು, ಯಾಕೋ.

"ನಿನ್ನದೇ ಇಡು" ಅಂದ ಅರುಳ್.
ಕ್ಯಾಲೆಂಡರಿನ ಹಿಂಬದಿಗೆ ಬರೆದು ನೋಡಿದೆ,
ಎಂ. ಲಿಖಿತಾ.
ಅಲ್ಲಿಗೂ ಮುನಿಶಾಮಿ ಬಂದು
ಕಾಲು ಚಾಚಿ ಕೂತಿದ್ದ.
ನನ್ನದೆಂದುಕೊಂಡ ಅಕ್ಷರ
ಯಾವತ್ತೂ ನನ್ನದಾಗಿರಲಿಲ್ಲ.
ಆ ಹೊತ್ತಿಗೆ ನೀನು ಎದ್ದು ಅತ್ತೆ, ಹಾಲು ಉಕ್ಕಿ
ರವಿಕೆ ಒದ್ದೆಯಾಯಿತು, ಕ್ಯಾಲೆಂಡರೂ.

ನಗರಸಭೆಯ ಕಿಟಕಿಯಾಚೆ ಗುಮಾಸ್ತ
ನಾನು ತುಂಬಿದ ಫಾರಂ ತಿರುಗಿಸಿ ಹಿಡಿದ.
"ಜಿ. ಎ. ಲಿಖಿತಾ. ಎ ಅಪ್ಪ, ಸರಿ.
ಜಿ ಯಾವ ಊರಮ್ಮ?
ಗೌರಿಬಿದನೂರಾ, ಗುಡಿಬಂಡೆಯಾ?"

ಎರಡೂ ಅಲ್ಲ ಸಾರ್.
ಮಗು ಒಂಬತ್ತು ತಿಂಗಳು ಇದ್ದ ಊರು.

ಅವನು ತಲೆಯೆತ್ತಲಿಲ್ಲ. ಹಿಂದೆ ಕ್ಯೂ ಬೆಳೆದಿತ್ತು,
ಯಾರೋ ಕೆಮ್ಮಿದರು.
ಕೀಬೋರ್ಡಿನ ಮೇಲೆ ಒಂಟಿ ಬೆರಳು
ಜಿ ಹುಡುಕಿ ಒತ್ತಿತು.

ತಂದೆಯ ಹೆಸರಿನ ಜಾಗದಲ್ಲಿ ಅರುಳ್ ಹೋಗಿ
ಅರಳು ಎಂದು ಪ್ರಿಂಟಾಗಿ ಬಂತು.
ತಿದ್ದಿಸೋಣ, ಅಂದೆ.
ಅವನಿಗೆ ಕನ್ನಡದ ಓದು ನಿಧಾನ.
ಬಿಸಿಲಿಗೆ ಹಾಳೆ ಹಿಡಿದು
ತುಟಿಯಲ್ಲೇ ಎರಡು ಸಲ ಕೂಡಿಸಿ ಓದಿದ.
"ಇರಲಿ ಬಿಡು" ಅಂದ.

ಮಡಚದೆ ಅಂಗಿಯೊಳಗೆ ಸೇರಿಸಿಕೊಂಡು
ಗಾಡಿಗೆ ಒದ್ದ. ಮೂರನೇ ಕಿಕ್ಕಿಗೆ ಸ್ಟಾರ್ಟಾಯಿತು.